ಮೂರನೇ ಪೆಟ್ಟಿಗೆಯ ಪುಸ್ತಕ

ಜಯನಗರ, ಬೆಂಗಳೂರು
3 ಜೂನ್ 2024

ಶ್ರೀ ಸೇತುರಾಮ ಸರ್ ಅವರಿಗೆ ನಮಸ್ಕಾರಗಳು.

ನಾನು ಅರ್ಪಿತ. ನೀವು ಇಷ್ಟು ವರ್ಷ ನೋಡಿಕೊಂಡ ಸಂಘದ ಗ್ರಂಥಾಲಯಕ್ಕೆ ಏಪ್ರಿಲ್‌ನಲ್ಲಿ ಸೇರಿದ್ದೇನೆ. ಸದ್ಯಕ್ಕೆ ತಾತ್ಕಾಲಿಕ, ಆಮೇಲೆ ನೋಡೋಣ ಎಂದು ಕಾರ್ಯದರ್ಶಿ ವೆಂಕಟಾಚಲ ಸರ್ ಹೇಳಿದ್ದಾರೆ. ಗಂಟಲಿನ ಆಪರೇಷನ್ ಆಗಿ ನಿಮಗೆ ಮಾತು ಹೋಗಿದೆ, ಮೈಸೂರಿನಲ್ಲಿ ತಂಗಿಯ ಮನೆಯಲ್ಲಿದ್ದೀರಿ, ಮೊಬೈಲು ಮುಟ್ಟುವುದಿಲ್ಲ, ಏನಿದ್ದರೂ ಕಾಗದ ಬರೆ ಎಂದವರೂ ಅವರೇ.

ನೀವು ಹೋದ ಮೇಲೆ ಸುಣ್ಣಬಣ್ಣಕ್ಕೆಂದು ಪುಸ್ತಕಗಳನ್ನೆಲ್ಲ ಕೆಳಗಿಳಿಸಿದರಂತೆ. ವಾಪಸ್ ಇಡುವಾಗ ದಪ್ಪನೆಯವು ಕೆಳಗೆ, ಸಣ್ಣವು ಮೇಲೆ ಎಂದು ತುಂಬಿಬಿಟ್ಟಿದ್ದಾರೆ. ಬೆನ್ನಿನ ಮೇಲೆ ನಂಬರ್ ಇಲ್ಲ. "ಸೇತುರಾಮ್ ಇದ್ದಾಗ ನಂಬರ್ ಯಾಕಮ್ಮ ಬೇಕಿತ್ತು, ಕೇಳಿದ್ರೆ ಕಣ್ಮುಚ್ಕೊಂಡು ತೆಗ್ದುಕೊಡ್ತಿದ್ರು" ಎನ್ನುತ್ತಾರೆ ಹಳೆಯ ಓದುಗರು. ನಾನು ಡಿಪ್ಲೊಮಾದಲ್ಲಿ ಪುಸ್ತಕಗಳಿಗೆ ವಿಷಯವಾರು ನಂಬರ್ ಕೊಡುವ ದಶಮಾಂಶ ಪದ್ಧತಿ ಓದಿದ್ದೇನೆ. ನಂಬರ್‌ಗಳು ಬಾಯಿಪಾಠ ಇವೆ. ಆದರೆ ಪುಸ್ತಕ ಕೈಗೆ ಬಂದಾಗ ಅದು ಯಾವ ವಿಷಯಕ್ಕೆ ಸೇರಬೇಕು ಎನ್ನುವುದೇ ತಿಳಿಯುತ್ತಿಲ್ಲ. ದಯವಿಟ್ಟು ಕಲಿಸಿಕೊಡಿ.

ನಮ್ಮದು ಬೊಮ್ಮನಹಳ್ಳಿ. ಮನೆಯಲ್ಲಿ ಓದಿದವಳು ನಾನೊಬ್ಬಳೇ. ಈ ಕೆಲಸ ಕಾಯಂ ಆಗದಿದ್ದರೆ ನಮ್ಮಪ್ಪ ನೋಡಿಟ್ಟಿರುವ ಗಂಡಿಗೆ ಹೂಂ ಅನ್ನಬೇಕಾಗುತ್ತದೆ.

ಇಂತಿ,
ಅರ್ಪಿತ


ಮೈಸೂರು
11 ಜೂನ್ 2024

ಅರ್ಪಿತ ಅವರಿಗೆ,

ನಿಮ್ಮ ತಂದೆ ಬೋರಣ್ಣನವರು ಸಂಘಕ್ಕೆ ಸ್ಟೀಲ್ ಕಪಾಟು ಮಾಡಿಸಿಕೊಟ್ಟರು, ಸಂಘ ನಿಮಗೆ ಕುರ್ಚಿ ಕೊಟ್ಟಿತು. ವೆಂಕಟಾಚಲ ಇದನ್ನು ನನಗೆ ಬರೆದಿದ್ದಾನೆ. ನೀವು ಬರೆದಿಲ್ಲ. ಗಂಡು ಸಿಕ್ಕಿದ್ದರೆ ಒಪ್ಪಿಕೊಳ್ಳಿ. ಗ್ರಂಥಾಲಯಕ್ಕೂ ಒಳ್ಳೆಯದಾಗುತ್ತದೆ.

ಕೇಳಿದ್ದೀರಿ, ಆದ್ದರಿಂದ ಹೇಳುತ್ತೇನೆ. ಪುಸ್ತಕದ ಹೆಸರನ್ನು ನಂಬಬೇಡಿ. ಹೆಸರು ಇರುವುದು ಮಾರುವುದಕ್ಕೆ. ಪರಿವಿಡಿ ನೋಡಿ, ಮುನ್ನುಡಿ ಓದಿ, ನಡುವೆ ಎಲ್ಲಾದರೂ ನಾಲ್ಕು ಪುಟ ಓದಿ. ಆಮೇಲೆ ಒಂದು ಪ್ರಶ್ನೆ ಹಾಕಿಕೊಳ್ಳಿ: ಇದನ್ನು ಯಾರು, ಯಾವ ಕಷ್ಟಕ್ಕೆ ಹುಡುಕಿಕೊಂಡು ಬರುತ್ತಾರೆ? ಜೇನುಹುಳದ ಮೇಲೆ ಮೂರು ಪುಸ್ತಕ ಇವೆ ಎನ್ನಿ. ಹುಳದ ದೇಹ, ನಡವಳಿಕೆ ಹೇಳುವುದು ಪ್ರಾಣಿಶಾಸ್ತ್ರಕ್ಕೆ ಹೋಗುತ್ತದೆ. ಪೆಟ್ಟಿಗೆ ಇಟ್ಟು ಸಾಕುವುದನ್ನು ಹೇಳಿದರೆ ಕೃಷಿ. ಜೇನಿನಿಂದ ಕೆಮ್ಮು ವಾಸಿ ಮಾಡುವುದನ್ನು ಹೇಳಿದರೆ ವೈದ್ಯ. ಹುಳ ಒಂದೇ, ಹುಡುಕಿಕೊಂಡು ಬರುವವರು ಬೇರೆ ಬೇರೆ. ಇಷ್ಟು ಅರ್ಥವಾಗಲು ನನ್ನ ಸಹಾಯಕರಿಗೆ ವರ್ಷ ಹಿಡಿದಿತ್ತು. ನಿಮಗೆ ಎಷ್ಟು ಹಿಡಿಯುತ್ತದೋ.

ಒಂದು ಕಪಾಟಿನ ಪುಸ್ತಕಗಳನ್ನು ವಿಂಗಡಿಸಿ ಬರೆದು ಕಳಿಸಿ.

ಸೇತುರಾಮ


ಜಯನಗರ
24 ಜೂನ್ 2024

ಸರ್,

ಕಿಟಕಿಯ ಪಕ್ಕದ ಕಪಾಟನ್ನು ಮುಗಿಸಿದ್ದೇನೆ. ವಿವರ ಇದರ ಜೊತೆಗಿದೆ. ಮೊದಲಿಗಿಂತ ಬೇಗ ಬೇಗ ಗೊತ್ತಾಗುತ್ತಿದೆ. ನಿನ್ನೆ ಒಬ್ಬರು ಬಂದು, ಮೊಮ್ಮಗಳಿಗೆ ತೊದಲು, ಅದಕ್ಕೇನಾದರೂ ಪುಸ್ತಕ ಇದೆಯಾ ಎಂದರು. ಭಾಷಾಶಾಸ್ತ್ರದ ಕಡೆ ಹೋಗಲಿಲ್ಲ. ನೇರ ವೈದ್ಯದ ಕಡೆ ಹೋದೆ. ಸಿಕ್ಕಿತು. ಅವರು ಕೈ ಮುಗಿದರು. ಮನೆಗೆ ಹೋಗಿ ನಮ್ಮಮ್ಮನಿಗೆ ಹೇಳಿದೆ.

ನಮ್ಮಪ್ಪ ಕೊಟ್ಟ ಕಪಾಟಿನ ವಿಷಯ ನಿಮಗೆ ಮೊದಲೇ ಹೇಳಬೇಕಿತ್ತು. ನಾಚಿಕೆಯಾಯಿತು.

ಅರ್ಪಿತ


ಮೈಸೂರು
2 ಜುಲೈ 2024

ಅರ್ಪಿತ ಅವರಿಗೆ,

'ಬೇರಿನ ಆರೈಕೆ'ಯನ್ನು ತೋಟಗಾರಿಕೆಗೆ ಇಟ್ಟಿದ್ದೀರಿ. ಅದು ಹಲ್ಲಿನ ಬೇರು. ಬರೆದವರು ದಂತವೈದ್ಯರು ಎಂದು ಹಿಂಬದಿಯಲ್ಲಿ ಭಾವಚಿತ್ರ ಸಮೇತ ಇದೆ. 'ಮನೆ ಕಟ್ಟಿ ನೋಡು' ಎಂದು ಹೆಸರಿರುವುದನ್ನು ಕಟ್ಟಡ ನಿರ್ಮಾಣಕ್ಕೆ ಹಾಕಿದ್ದೀರಿ. ಅದು ಹೊಸದಾಗಿ ಮದುವೆಯಾದವರಿಗೆ ಬರೆದ ಬುದ್ಧಿಮಾತು. ಹೆಸರನ್ನು ನಂಬಬೇಡಿ ಎಂದು ಬರೆದಿದ್ದೆ. ಓದಲು ಬರುತ್ತದೆ ಎಂದುಕೊಂಡಿದ್ದೆ.

ರಾಗಿ ಮೂಟೆ ಜೋಡಿಸುವುದು ಬೇರೆ, ಪುಸ್ತಕ ಜೋಡಿಸುವುದು ಬೇರೆ. ಮೊದಲನೆಯದನ್ನು ಬಲ್ಲವರು ನಿಮ್ಮ ಮನೆಯಲ್ಲಿ ಇದ್ದಾರು. ಅದು ರಕ್ತದಲ್ಲಿ ಬರುತ್ತದೆ, ಇದು ಬರುವುದಿಲ್ಲ.

ಈ ಕಾಗದದ ಪ್ರತಿಯನ್ನು ವೆಂಕಟಾಚಲನಿಗೂ ಕಳಿಸಿದ್ದೇನೆ. ಸಂಘಕ್ಕೆ ಗೊತ್ತಿರಲಿ.

ಸೇತುರಾಮ


ಜಯನಗರ
19 ಜುಲೈ 2024

ಸರ್,

ನಿಮ್ಮ ಕಾಗದವನ್ನು ವೆಂಕಟಾಚಲ ಸರ್ ಭಾನುವಾರದ ಸಭೆಯಲ್ಲಿ ಗಟ್ಟಿಯಾಗಿ ಓದಿದರು. ಕಪಾಟು ಕೊಟ್ಟವರೆಂದು ನಮ್ಮಪ್ಪನನ್ನೂ ಕರೆದಿದ್ದರು. "ಹಲ್ಲಿಗೆ ಗೊಬ್ಬರ ಹಾಕ್ತಾಳಂತೆ ನಮ್ ಲೈಬ್ರೇರಿಯನ್" ಎಂದು ಯಾರೋ ಅಂದರು. ಎಲ್ಲ ನಕ್ಕರು. ರಾಗಿ ಮೂಟೆಯ ಸಾಲು ಬಂದಾಗ ಎಲ್ಲರೂ ನಮ್ಮಪ್ಪನ ಮುಖ ನೋಡಿದರು. ನಮ್ಮಪ್ಪನೂ ನಕ್ಕರು.

ಮನೆಗೆ ಹೋಗುವಾಗ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಗಾಡಿ ನಿಂತಾಗ ಅವರು ಅಂದರು: "ಸಂಕ್ರಾಂತಿ ಗಂಟ ನೋಡ್ತೀನಿ ಕಣವ್ವ. ಆಮ್ಯಾಕೆ ನನ್ ಮಾತ್ ಕೇಳು."

ಇರಲಿ. ಒಂದು ಸಂದೇಹ ಇದೆ. ನಾಲ್ಕನೇ ಟಿ ಬ್ಲಾಕ್‌ನಿಂದ ವಿಭಾ ಎಂಬುವರು ಮೂರು ರಟ್ಟಿನ ಪೆಟ್ಟಿಗೆ ಪುಸ್ತಕ ಕೊಟ್ಟು ಹೋದರು. ಒಂದನ್ನು ಬಿಚ್ಚಿದ್ದೇನೆ. ಗಂಡನ ಕುಡಿತ ಬಿಡಿಸುವುದು ಹೇಗೆ ಎಂಬುದರ ಮೇಲೆಯೇ ಮೂರು ಪುಸ್ತಕ ಇವೆ. ವೈದ್ಯಕ್ಕೆ ಇಡಲೋ, ಸಮಾಜಕ್ಕೋ?

ಅರ್ಪಿತ


ಮೈಸೂರು
22 ಜುಲೈ 2024

ಅರ್ಪಿತಾ,

ಈಗಷ್ಟೇ ಕಾಗದ ಬಂತು, ಕೂಡಲೇ ಬರೆಯುತ್ತಿದ್ದೇನೆ. ಸಮಾಜಕ್ಕೆ ಇಡಿ. ಅದನ್ನು ಹುಡುಕಿಕೊಂಡು ಬರುವವಳು ಡಾಕ್ಟರಲ್ಲ, ಹೆಂಡತಿ. ನಿಮಗೆ ಸಂದೇಹ ಬಂದದ್ದೇ ಒಳ್ಳೆಯ ಲಕ್ಷಣ.

ಆ ಪೆಟ್ಟಿಗೆಗಳ ಒಂದೊಂದು ಪುಸ್ತಕದ ವಿಷಯವನ್ನೂ ನನಗೆ ಬರೆದು ಕಳಿಸಿ. ಯಾವುದನ್ನೂ ಬಿಡಬೇಡಿ. ಒಂದೇ ಮನೆಯ ಪುಸ್ತಕಗಳು ಒಟ್ಟಿಗೆ ಬಂದಾಗ ಅವನ್ನು ಒಟ್ಟಿಗೇ ಅಭ್ಯಾಸ ಮಾಡಬೇಕು, ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಕೊಟ್ಟವರು ಹೇಗಿದ್ದರು? ಆರೋಗ್ಯವಾಗಿದ್ದರೇ? ಜೊತೆಗೆ ಮಗು ಇತ್ತೇ? ದಾನ ಕೊಟ್ಟವರ ವಿವರ ಗ್ರಂಥಪಾಲಕರಿಗೆ ತಿಳಿದಿರಬೇಕು, ಅದಕ್ಕೆ ಕೇಳಿದೆ.

ಸೇತುರಾಮ


ಜಯನಗರ
5 ಆಗಸ್ಟ್ 2024

ಸರ್,

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. 'ಒಳ್ಳೆಯ ಲಕ್ಷಣ' ಎಂದು ನನಗೆ ಯಾರೂ ಯಾವತ್ತೂ ಬರೆದಿರಲಿಲ್ಲ.

ಎರಡು ಪೆಟ್ಟಿಗೆ ಮುಗಿಸಿದೆ. ಮೊದಲನೆಯದರಲ್ಲಿ ಕುಡಿತದವು, ಆಮೇಲೆ ಮನಸ್ಸಿಗೆ ಸಮಾಧಾನ ಹೇಳುವವು. ಎರಡನೆಯದರಲ್ಲಿ ವಿಚ್ಛೇದನದ ಕಾನೂನು, ಮಗು ಯಾರಿಗೆ ಸೇರಬೇಕು ಎಂಬ ಕಾನೂನು, ಒಬ್ಬಳೇ ತಾಯಿ ಮಗು ಸಾಕುವುದು. ಕೊನೆಗೆ ಲೆಕ್ಕಶಾಸ್ತ್ರದ ಪರೀಕ್ಷೆಯ ಪುಸ್ತಕಗಳು. ವಿಷಯಕ್ಕೆ ತಕ್ಕಂತೆ ಬೇರೆ ಬೇರೆ ಕಪಾಟಿಗೆ ಇಡುತ್ತಾ ಹೋದ ಹಾಗೆ ಆಕೆಯ ಜೀವನವೇ ಕಂಡಂತಾಯಿತು ಸರ್. ಗಂಡನನ್ನು ಸರಿಮಾಡಲು ನೋಡಿದ್ದಾರೆ, ಆಗಿಲ್ಲ. ಬಿಟ್ಟು ಬಂದಿದ್ದಾರೆ. ಒಬ್ಬರೇ ಓದಿ ಕೆಲಸಕ್ಕೆ ಸೇರಿದ್ದಾರೆ. ತವರು ಮನೆ ಇರಲಿಲ್ಲವೇನೋ. ಇದ್ದಿದ್ದರೆ ಇಷ್ಟೊಂದು ಪುಸ್ತಕ ಬೇಕಾಗುತ್ತಿರಲಿಲ್ಲ.

ನೋಡಲು ತೆಳ್ಳಗೆ, ಗಟ್ಟಿ. ಆಟೊದಲ್ಲಿ ಒಂಬತ್ತು ಹತ್ತು ವರ್ಷದ ಹುಡುಗ ಕೂತಿದ್ದ. ಚಿರಂತ್ ಎಂದು ಕರೆದರು.

ಅರ್ಪಿತ


ಮೈಸೂರು
8 ಆಗಸ್ಟ್ 2024

ಚಿ. ಅರ್ಪಿತಾಗೆ ಆಶೀರ್ವಾದಗಳು.

ಮಗು, ನೀನು ವಿಷಯ ಗುರುತಿಸುವುದನ್ನು ಕಲಿತೆ. ಇದಕ್ಕಿಂತ ಹೆಚ್ಚು ನಾನು ಕಲಿಸುವುದು ಏನೂ ಇಲ್ಲ. ನಿನ್ನ ಬಗ್ಗೆ ಸಂಘಕ್ಕೆ ಬರೆಯುತ್ತೇನೆ. ಹಿಂದಿನ ಕಾಗದಗಳಲ್ಲಿ ಬಿರುಸಾಗಿ ಬರೆದೆ, ಮುದುಕನ ಸಿಡುಕು ಎಂದು ತಿಳಿ.

ಮೂರನೇ ಪೆಟ್ಟಿಗೆ ಯಾವಾಗ ಬಿಚ್ಚುತ್ತೀಯ? ಅದರಲ್ಲಿ ಇತ್ತೀಚಿನವು ಇರಬಹುದು. ಈಗ ಆಕೆಯ ಮನಸ್ಸಿನಲ್ಲಿ ಏನಿದೆ ಎಂಬುದು ಅಲ್ಲಿ ಸಿಗುತ್ತದೆ. ದಿನವೂ ಅಂಚೆಯವನ ದಾರಿ ಕಾಯುತ್ತೇನೆ. ನಿನ್ನ ಕಾಗದ ಬಂದರೆ ಸೀತಮ್ಮ, ನನ್ನ ತಂಗಿ, ಒಳಗಿನಿಂದಲೇ ಕೂಗುತ್ತಾಳೆ, "ನಿನ್ ಶಿಷ್ಯೆ ಬರ್ದಿದಾಳೆ ನೋಡೋ."

ಸೇತುರಾಮ


ಜಯನಗರ
30 ಆಗಸ್ಟ್ 2024

ಪೂಜ್ಯ ಸೇತುರಾಮ ಸರ್ ಅವರಿಗೆ,

ಉತ್ತರ ತಡವಾಯಿತು. ವೆಂಕಟಾಚಲ ಸರ್ ಬಂದಿದ್ದರು. ನೀವು ಆ ಪೆಟ್ಟಿಗೆಗಳ ಬಗ್ಗೆ ಎಷ್ಟು ಅಕ್ಕರೆಯಿಂದ ಕೇಳುತ್ತೀರಿ ಎಂದು ಅವರಿಗೆ ಹೇಳಿದೆ. ಅವರು ತುಂಬಾ ಹೊತ್ತು ಕೂತು ನಿಮ್ಮ ವಿಷಯ ಮಾತಾಡಿದರು.

ಮೂರನೇ ಪೆಟ್ಟಿಗೆ ಬಿಚ್ಚಿದೆ. ಅದರಲ್ಲಿ ಒಂದು ಪುಸ್ತಕ ಇದೆ: 'ಧ್ವನಿಪೆಟ್ಟಿಗೆ ತೆಗೆದವರೊಡನೆ ಬಾಳುವುದು, ಮನೆಯವರಿಗೆ ಕೈಪಿಡಿ'. ಬೆನ್ನು ಬಿಟ್ಟುಹೋಗುವಷ್ಟು ಓದಿದ್ದಾರೆ. ಅಂಥವರಿಗೆ ಊಟ ಹೇಗೆ ಕೊಡಬೇಕು, ಅವರ ಜೊತೆ ಹೇಗೆ ಮಾತಾಡಬೇಕು ಎಂಬ ಅಧ್ಯಾಯಗಳಿವೆ. ನೀವು ಕಲಿಸಿದ ಪ್ರಶ್ನೆಯನ್ನೇ ಹಾಕಿಕೊಂಡೆ, ಇದನ್ನು ಯಾರು, ಯಾವ ಕಷ್ಟಕ್ಕೆ ಹುಡುಕಿಕೊಂಡು ಹೋಗುತ್ತಾರೆ ಎಂದು. ಆಕೆಯ ಮನೆಯಲ್ಲಿ ಅಂಥವರು ಯಾರೂ ಇಲ್ಲವಲ್ಲ ಸರ್. ಯಾರಿಗಾಗಿ ಓದಿರಬಹುದು?

ನಿಮ್ಮ ಶಿಷ್ಯೆ,
ಅರ್ಪಿತ


ಮೈಸೂರು
3 ಸೆಪ್ಟೆಂಬರ್ 2024

ಮಗೂ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸರಿಯಿಲ್ಲ, ಕ್ಷಮಿಸು.

ವಿಭಾ ನನ್ನ ಮಗಳು. ನಿನಗೆ ಹೇಳದೆ ನಿನ್ನಿಂದ ಅವಳ ಸುದ್ದಿ ತೆಗೆದುಕೊಂಡೆ. ಒಂಬತ್ತು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವಳು ಎಳೆಗೂಸು ಎತ್ತಿಕೊಂಡು ಆಟೊದಲ್ಲಿ ನಮ್ಮ ಮನೆಗೆ ಬಂದಳು. ತುಟಿ ಊದಿತ್ತು. ನಾನು ಪೆಟ್ಟಿಗೆ ಕೆಳಗಿಳಿಸಲು ಬಿಡಲಿಲ್ಲ. "ನಿನ್ ಜಾಗ ಇದಲ್ಲ, ಅಲ್ಲಿ. ಹೋಗಿ ಹೊಂದ್ಕೊಂಡು ಬಾಳು" ಎಂದೆ. ಬನಶಂಕರಿಯಲ್ಲಿ ಅವಳ ಗಂಡನ ಮನೆಯ ವಿಳಾಸವನ್ನು ನಾನೇ ಡ್ರೈವರ್‌ಗೆ ಹೇಳಿದೆ. ಅವಳ ಅಮ್ಮ ಒಳಗಿನಿಂದ ಓಡಿ ಬರುವಷ್ಟರಲ್ಲಿ ಆಟೊ ತಿರುವು ದಾಟಿತ್ತು. ಅಮ್ಮ ಸತ್ತಾಗ ವಿಭಾ ಬಂದಳು. ನನ್ನ ಕಡೆ ನೋಡದೆ ಹೋದಳು. ನನ್ನ ಆಪರೇಷನ್ ವಿಷಯ ಅವಳಿಗೆ ಯಾರೂ ತಿಳಿಸಿಲ್ಲ ಎಂದುಕೊಂಡಿದ್ದೆ. ಅವಳಿಗೆ ಗೊತ್ತಿದೆ. ಗೊತ್ತಿದ್ದು, ಪುಸ್ತಕ ತರಿಸಿಕೊಂಡು, ಬೆನ್ನು ಬಿಟ್ಟುಹೋಗುವಷ್ಟು ಓದಿದ್ದಾಳೆ!

ಹದಿನೈದನೆಯ ತಾರೀಕು ಹೋಗುತ್ತೇನೆ. ಭಾನುವಾರ, ಮನೆಯಲ್ಲಿರುತ್ತಾಳೆ. ಮನೆಯ ವಿಳಾಸ ವೆಂಕಟಾಚಲನಿಂದ ತರಿಸಿಕೊಳ್ಳುತ್ತೇನೆ. ನಿನ್ನ ಕೆಲಸ ಕಾಯಂ ಮಾಡಬೇಕೆಂದು ಸಂಘಕ್ಕೆ ಇವತ್ತೇ ಬರೆದು ಹಾಕಿದ್ದೇನೆ. ನಿನ್ನ ಋಣ ನಾನು ತೀರಿಸಲಾರೆ.

ಸೇತುರಾಮ


ಮೈಸೂರು
20 ಸೆಪ್ಟೆಂಬರ್ 2024

ಚಿ. ಅರ್ಪಿತಾಗೆ,

ಹೋಗಿಬಂದೆ.

ಬಾಗಿಲು ತೆಗೆದವನು ಹುಡುಗ. ನನ್ನದೇ ಹಣೆ. "ಅಮ್ಮಾ, ಯಾರೋ ತಾತ" ಎಂದ. ವಿಭಾ ಕೈ ಒರೆಸಿಕೊಳ್ಳುತ್ತಾ ಬಂದಳು. ನನ್ನನ್ನು ನೋಡಿ ಅಲ್ಲೇ ನಿಂತಳು. ಕುತ್ತಿಗೆಗೆ ಮಫ್ಲರ್ ಸುತ್ತಿದ್ದೆ, ಗಾಯ ನೋಡಿ ಮಗು ಹೆದರಬಾರದೆಂದು. ಬರೆಯುವ ಪ್ಯಾಡ್ ಎತ್ತಿ ಹಿಡಿದೆ. ರೈಲಿನಲ್ಲೇ ಬರೆದಿಟ್ಟುಕೊಂಡಿದ್ದೆ: 'ನಿನ್ನ ಪುಸ್ತಕ ಗ್ರಂಥಾಲಯದಲ್ಲಿ ಸಿಕ್ಕಿತು. ನೀನು ನನಗಾಗಿ ಓದಿದ್ದು ಗೊತ್ತಾಯಿತು. ಅದಕ್ಕೇ ಬಂದೆ.'

ಓದಿದಳು. ಅವಳ ಮುಖದಲ್ಲಿ ಏನೂ ಇರಲಿಲ್ಲ. ಹುಡುಗ ಕೇಳಿದ, "ಯಾರಮ್ಮ ಇವ್ರು?" ಅವಳು ನನ್ನನ್ನೇ ನೋಡುತ್ತಾ ಅಂದಳು, "ಅಡ್ರೆಸ್ ತಪ್ಪಿ ಬಂದಿದಾರೆ ಕಣೋ. ನೀವು ಹುಡುಕ್ತಿರೋ ಮನೆ ಇದಲ್ಲ ಸಾರ್. ಹೊರಡಿ." ಬಾಗಿಲು ಹಾಕಿದಳು. ಬಾಗಿಲ ಮುಂದೆ ನಿಂತು ಅವಳ ಹೆಸರು ಕೂಗಲು ನೋಡಿದೆ. ಗಂಟಲಿನ ತೂತಿನಿಂದ ಗಾಳಿ ಮಾತ್ರ ಹೋಯಿತು.

ಆದರೂ ನನಗೆ ಬೇಸರವಿಲ್ಲ. ಅವಳು ಹಟಮಾರಿ, ನನ್ನ ಹಾಗೆ. ಒಪ್ಪಿಕೊಳ್ಳಲು ಅವಳಿಗೆ ಕಾಲ ಬೇಕು. ಓದಿದ್ದಂತೂ ಸುಳ್ಳಲ್ಲವಲ್ಲ. ಆ ಪುಸ್ತಕವನ್ನು ಒಂದು ತಿಂಗಳ ಮಟ್ಟಿಗೆ ನನಗೆ ಕಳಿಸು. ಅವಳು ಮುಟ್ಟಿದ ಹಾಳೆಗಳನ್ನು ಒಮ್ಮೆ ನೋಡಬೇಕು.

ಸೇತುರಾಮ


ಮೈಸೂರು
4 ಅಕ್ಟೋಬರ್ 2024

ಮಗು,

ನನ್ನ ಕಾಗದ ತಲುಪಿತೇ? ಪುಸ್ತಕ ಕಳಿಸಲು ಸಂಘದ ಅಪ್ಪಣೆ ಬೇಕಿದ್ದರೆ ನಾನೇ ವೆಂಕಟಾಚಲನಿಗೆ ಬರೆಯುತ್ತೇನೆ. ಕಳಿಸಲು ಆಗದಿದ್ದರೆ ಪರಿವಿಡಿಯನ್ನಾದರೂ ಬರೆದು ಕಳಿಸು.

ಸೇತುರಾಮ


ಜಯನಗರ
15 ಅಕ್ಟೋಬರ್ 2024

ಶ್ರೀ ಸೇತುರಾಮ ಅವರಿಗೆ,

ಅಂಥ ಪುಸ್ತಕ ಇಲ್ಲ. ಮೂರನೇ ಪೆಟ್ಟಿಗೆಯಲ್ಲಿ ಇದ್ದದ್ದು ಹುಡುಗನ ಹಳೆಯ ಪಠ್ಯಪುಸ್ತಕ, ಅಡುಗೆ ಪುಸ್ತಕ, ಕುಂಡದಲ್ಲಿ ಗಿಡ ಬೆಳೆಸುವ ಪುಸ್ತಕ. ನಿಮ್ಮನ್ನು ನೆನಪಿಸುವಂಥದ್ದು ಒಂದೂ ಇರಲಿಲ್ಲ. ಆ ಕೈಪಿಡಿಯನ್ನು ನಾನೇ ಕಟ್ಟಿದೆ. ಹೆಸರು, ಅಧ್ಯಾಯ, ಬಿಟ್ಟುಹೋದ ಬೆನ್ನು, ಎಲ್ಲ.

ವಿಭಾ ಯಾರೆಂದು ವೆಂಕಟಾಚಲ ಸರ್ ಹೇಳಿದ ದಿನ ನಿಮ್ಮ ಕಾಗದಗಳನ್ನೆಲ್ಲ ಮತ್ತೆ ಓದಿದೆ. 'ಒಳ್ಳೆಯ ಲಕ್ಷಣ' ಯಾಕೆ ಬಂತು, 'ಮಗು' ಯಾಕೆ ಬಂತು ಎಂದು ಗೊತ್ತಾಯಿತು. ನೀವು ಬೈದಾಗ ನಾನು ಅತ್ತಿರಲಿಲ್ಲ. ಅವತ್ತು ಅತ್ತೆ. ನಮ್ಮಪ್ಪನನ್ನು ಹದಿನೈದು ಜನರ ಮುಂದೆ ನಗುವಂತೆ ಮಾಡಿದವರು ನೀವು. ನಿಮ್ಮನ್ನೂ ಒಬ್ಬರ ಬಾಗಿಲಲ್ಲಿ ನಿಲ್ಲಿಸಬೇಕು ಅನ್ನಿಸಿತು.

ಆಕೆ ನಿಮ್ಮನ್ನು ಕ್ಷಮಿಸಿಲ್ಲ. ಕ್ಷಮಿಸಬೇಕಾದ ಕಾರಣವೂ ಇಲ್ಲ. ತುಟಿ ಊದಿದ ಮಗಳನ್ನು ಬಾಗಿಲಿನಿಂದಲೇ ಕಳಿಸಿದವರು ಪುಸ್ತಕದ ವಿಷಯ ನೋಡಿ ಮನುಷ್ಯರನ್ನು ಅರಿಯುತ್ತೇನೆ ಎಂದರೆ ನಗು ಬರುತ್ತದೆ.

ಅರ್ಪಿತ


ಜಯನಗರ
2 ಡಿಸೆಂಬರ್ 2024

ಸರ್,

ಅಕ್ಟೋಬರಿನ ಕಾಗದಕ್ಕೆ ನೀವು ಉತ್ತರ ಬರೆಯಲಿಲ್ಲ. ನಾನು ನಿರೀಕ್ಷಿಸಲೂ ಇಲ್ಲ. ಆದರೆ ಇದನ್ನು ಮಾತ್ರ ಪೂರ್ತಿ ಓದಿ.

ಶನಿವಾರ ವಿಭಾ ಅವರು ಬಂದರು. "ಸೆಪ್ಟೆಂಬರಲ್ಲಿ ನಮ್ಮನೆಗೆ ಒಬ್ರು ಬಂದಿದ್ರು. ಇಲ್ಲಿ ಯಾವ್ದೋ ಪುಸ್ತಕ ಸಿಕ್ತು ಅಂತ ಬರ್ದು ತೋರ್ಸಿದ್ರು. ಯಾವ ಪುಸ್ತಕ?" ಎಂದರು. ನಾನು ಎಲ್ಲ ಹೇಳಿಬಿಟ್ಟೆ. ಹೊಡೆಯುತ್ತಾರೆ ಎಂದುಕೊಂಡೆ. ಅವರು ಕುರ್ಚಿ ಎಳೆದುಕೊಂಡು ಕೂತರು.

"ಧ್ವನಿ ಇಲ್ವಾ ಅವ್ರಿಗೆ?"

"ಇಲ್ಲ ಮೇಡಂ. ಎರಡು ವರ್ಷ ಆಯ್ತು."

"ಅವತ್ತು ಬಾಯೇ ಬಿಡ್ಲಿಲ್ಲ. ನನ್ ಹತ್ರ ಮಾತಾಡಕ್ಕೂ ಇಷ್ಟ ಇಲ್ಲ, ಬರ್ದು ತೋರಿಸ್ತಿದಾರೆ, ಅಷ್ಟು ಕೊಬ್ಬು ಅಂದ್ಕೊಂಡೆ." ಆಮೇಲೆ "ಊಟ ಹೇಗ್ ಮಾಡ್ತಾರೆ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ.

ನಿಮ್ಮ ವಿಳಾಸ ಕೊಡಲೇ ಎಂದೆ. ಬೇಡ ಎಂದರು. ಹದಿನಾಲ್ಕನೆಯ ತಾರೀಕು ಶನಿವಾರ ನಿಮ್ಮನ್ನು ಇಲ್ಲಿಗೆ ಬರಹೇಳುತ್ತೇನೆ, ನೀವೂ ಬನ್ನಿ ಎಂದೆ. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಹೋಗುವಾಗ ಬಾಗಿಲ ಹತ್ತಿರ ನಿಂತು, "ಎಷ್ಟ್ ಗಂಟೆಗೆ?" ಎಂದರು. ನಾಲ್ಕು ಎಂದೆ.

ಬನ್ನಿ ಸರ್. ನಿಮ್ಮ ಕಾಲಿಗೆ ಬೀಳುತ್ತೇನೆ.

ಅರ್ಪಿತ


ಮೈಸೂರು
6 ಡಿಸೆಂಬರ್ 2024

ಅರ್ಪಿತ ಅವರಿಗೆ,

ಹಿಂದಿನದಕ್ಕಿಂತ ಇದು ಚೆನ್ನಾಗಿ ಬಂದಿದೆ. 'ಊಟ ಹೇಗ್ ಮಾಡ್ತಾರೆ' ಎಂಬ ಕಡೆ ನನಗೂ ಒಂದು ಕ್ಷಣ ಉಸಿರು ನಿಂತಿತು. ಮೊದಲ ಸಲ ಮನೆ ಬಾಗಿಲಲ್ಲಿ ನಿಲ್ಲಿಸಿದಿರಿ. ಈ ಸಲ ಗ್ರಂಥಾಲಯದಲ್ಲಿ ಕೂರಿಸಿ, ಸಂಘದವರನ್ನೂ ಕರೆದು ನಗಿಸಬೇಕೆಂದಿದ್ದೀರೋ ಏನೋ. ನನಗೆ ಎಪ್ಪತ್ತೈದು. ಇನ್ನೊಮ್ಮೆ ಆಗುವುದಿಲ್ಲ.

ನಿಮ್ಮ ಕೆಲಸದ ಬಗ್ಗೆ ಸಂಘಕ್ಕೆ ಬರೆದದ್ದನ್ನು ನಾನು ವಾಪಸ್ ತೆಗೆದುಕೊಳ್ಳುವುದಿಲ್ಲ. ನಿಮಗೆ ಕೆಲಸ ಬರುತ್ತದೆ.

ಇನ್ನು ಬರೆಯಬೇಡಿ.

ಸೇತುರಾಮ


ಜಯನಗರ
17 ಡಿಸೆಂಬರ್ 2024

ಸರ್,

ಬರೆಯಬೇಡಿ ಎಂದಿದ್ದೀರಿ. ಇದೊಂದನ್ನು ಬರೆಯುತ್ತೇನೆ.

ನಿಮ್ಮ ಕಾಗದ ಗುರುವಾರ ಕೈಸೇರಿತು. ವೆಂಕಟಾಚಲ ಸರ್ ಹತ್ತಿರ ನಿಮ್ಮ ತಂಗಿಯ ನಂಬರ್ ತೆಗೆದುಕೊಂಡು ಫೋನ್ ಮಾಡಿದೆ. "ನನ್ನಣ್ಣನ್ ಜೊತೆ ಇನ್ನೂ ಎಷ್ಟು ಆಟ ಆಡ್ತೀಯಮ್ಮ?" ಎಂದು ಇಟ್ಟುಬಿಟ್ಟರು. ಮತ್ತೆ ಮಾಡಿದೆ, ತೆಗೆಯಲಿಲ್ಲ. ಶುಕ್ರವಾರ ನಾನೇ ಬಸ್ ಹತ್ತಿ ಬರಬೇಕಿತ್ತು. ಕಾಯಂ ಆದೇಶ ಅವತ್ತೇ ಕೈಗೆ ಕೊಟ್ಟರು. ಸಹಿ, ಸನ್ಮಾನ ಎಂದು ಸಂಜೆಯವರೆಗೂ ಕೂರಿಸಿಕೊಂಡರು. ನಾನು ಕೂತೆ.

ಶನಿವಾರ ವಿಭಾ ಅವರು ನಾಲ್ಕಕ್ಕೆ ಮೊದಲೇ ಬಂದರು. ಚಿರಂತ್‌ನನ್ನೂ ಕರೆತಂದಿದ್ದರು. ನೀವು ಬರುವುದಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಕೊನೆಯ ಗಳಿಗೆಯಲ್ಲಿ ನಿಮ್ಮ ಮನಸ್ಸು ತಿರುಗೀತು ಎಂದು ಕಾದೆ. ಬಾಗಿಲು ಸದ್ದಾದಾಗಲೆಲ್ಲ ಅವರು ತಲೆ ಎತ್ತಿ ನೋಡುತ್ತಿದ್ದರು. ಕೈಯಲ್ಲಿ ಒಂದು ಪತ್ರಿಕೆ ಹಿಡಿದಿದ್ದರು, ಒಂದು ಹಾಳೆಯನ್ನೂ ತಿರುವಲಿಲ್ಲ. ಗ್ರಂಥಾಲಯ ಮುಚ್ಚುವ ಹೊತ್ತಿಗೆ ನಿಮ್ಮ ಕಾಗದ ತೋರಿಸಿದೆ. ನಿಂತೇ ಓದಿದರು.

"ನಂಬ್ಲಿಲ್ಲ" ಎಂದರು. "ಅವತ್ತೂ ಅಷ್ಟೇ. ತುಟಿ ತೋರ್ಸ್ದೆ, ಆಗ್ಲೂ ನಂಬ್ಲಿಲ್ಲ."

ಹುಡುಗ ಕೇಳಿದ, "ಯಾರಿಗಮ್ಮ ಕಾಯ್ತಿದ್ದಿದ್ದು?"

"ಯಾರಿಗೂ ಇಲ್ಲ. ಶೂ ಹಾಕ್ಕೋ."

ಅವರಿಗೆ ಪುಣೆಗೆ ವರ್ಗವಾಗಿದೆ ಸರ್. ಪುಸ್ತಕ ಕೊಟ್ಟದ್ದೂ ಅದಕ್ಕೇ, ಮನೆ ಖಾಲಿ ಮಾಡಲು. ನನಗೆ ಆವತ್ತೇ ಗೊತ್ತಾದದ್ದು. ಅಲ್ಲಿಯ ವಿಳಾಸ ಕೇಳಿದೆ. ಕೊಡಲಿಲ್ಲ.

ಇವತ್ತು ಬೆಳಿಗ್ಗೆ ನಾಲ್ಕನೇ ಟಿ ಬ್ಲಾಕ್‌ಗೆ ಹೋಗಿದ್ದೆ. ಸಾಮಾನಿನ ಲಾರಿ ನಿನ್ನೆಯೇ ಹೋಗಿದೆ ಎಂದು ಪಕ್ಕದ ಮನೆಯವರು ಹೇಳಿದರು. ನನ್ನ ಮಾತು ನಂಬಬೇಡಿ, ಬಂದು ನೋಡಿ. ಗೇಟಿಗೆ 'ಮನೆ ಬಾಡಿಗೆಗೆ ಇದೆ' ಎಂದು ಬೋರ್ಡ್ ಹಾಕಿದ್ದಾರೆ.

ಅರ್ಪಿತ